ಮಧುರೆಯ ಸುತ್ತಣ ಶ್ರಮಣಗಿರಿಗಳು

ಕನ್ನಡ ನಾಡಿನಿಂದ ರಾಮೇಶ್ವರ, ಕನ್ಯಾಕುಮಾರಿಗಳ ಕಡೆಗೆ ಯಾತ್ರೆ ಹೊರಡುವವರಲ್ಲಿ ಮಧುರೆಯನ್ನು ನೋಡದೆ ಹಿಂತಿರುಗುವವರು ವಿರಳ. ಮೀನಾಕ್ಷೀ ಸುಂದರೇಶ್ವರ ದೇವಾಲಯದ ಗಗನಚುಂಬಿ ಗೋಪುರಗಳು, ತಿರುಮಲ ನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದ ವಿಶಾಲವಾದ ಅರಮನೆ, ವಂಡಿಯೂರಿನ ತೆಪ್ಪಕುಳ, ರಾಣಿ ಮಂಗಮ್ಮಾಳಳ ಅರಮನೆಯಲ್ಲಿ 1959ರಲ್ಲಿ ತೆರೆದ ಗಾಂಧೀ ಸ್ಮಾರಕ ವಸ್ತುಸಂಗ್ರಹಾಲಯ, ಇವಿಷ್ಟನ್ನು ಒಂದೇ ದಿನದಲ್ಲಿ ನೋಡಿ ಮುಗಿಸಿ ಯಾತ್ರಿಕರು ಮುಂದಿನ ಊರಿಗೆ ಸಾಗುತ್ತಾರೆ. ಜೈನ ಯಾತ್ರಿಕರೂ ಇದಕ್ಕೆ ಹೊರತಲ್ಲ. ಊರಿನ ಈಶಾನ್ಯಕ್ಕೆ ಮಲಗಿದ ಆನೆಯಂತೆ ಕಾಣುವ ಬೆಟ್ಟವೊಂದನ್ನು ಅವರು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ. ಆ ಬೆಟ್ಟದ ಬಂಡೆಯ ಮೇಲೆ ತಮ್ಮ ತೀರ್ಥಂಕರರು ಪದ್ಮಾಸನದಲ್ಲಿ ಕುಳಿತಿದ್ದಾರೆಂಬುದನ್ನು ಅವರಿಗೆ ಹೇಳುವವರು ಇರುವುದಿಲ್ಲ.

ಮಧುರೆಯೆಂದೊಡನೆ ಜೈನ ಸಮಾಜದ ಹಿರಿಯರ ನೆನಪಿಗೆ ಬರುವುದು ಬೇರೊಂದು ಸಂಗತಿ. ಪಾಂಡ್ಯ ರಾಜನೊಬ್ಬನು ಮತಾಂತರಗೊಂಡು ಎಂಟು ಸಾವಿರ ಜೈನ ಮುನಿಗಳನ್ನು ಶೂಲಕ್ಕೇರಿಸಿದನೆಂಬ ದಾರುಣ ಕಥೆಯನ್ನು ಕೇಳದವರಿಲ್ಲ. ಆ ಕಥೆಯ ಭಾರದಿಂದಲೇ ಮಧುರೆಯು ಜೈನರ ಪಾಲಿಗೆ ಮುಗಿದುಹೋದ ಅಧ್ಯಾಯವೆಂಬ ಭಾವನೆ ನೆಲೆಯೂರಿದೆ. ಆದರೆ ಆ ನಗರವನ್ನು ಸುತ್ತುವರಿದ ಬೆಟ್ಟಗಳ ಮೇಲಿನ ಶಿಲಾಲೇಖಗಳು ಹೇಳುವ ವೃತ್ತಾಂತವು ಈ ಕಥೆಗೆ ಹೊಂದುವುದಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಅಗತ್ಯ.

ತಮಿಳಿನ ಹಳೆಯ ಪರಂಪರೆಯು ಮಧುರೆಯ ಸುತ್ತಣ ಜೈನ ನೆಲೆಗಳನ್ನು ‘ಎಣ್ ಪೆರುಂ ಕುನ್ರಂ’, ಅಂದರೆ ಎಂಟು ಹಿರಿಯ ಕುನ್ರಗಳು, ಎಂದು ಕರೆಯುತ್ತದೆ. ತಮಿಳಿನ ಕುನ್ರವೇ ನಮ್ಮ ಗುಡ್ಡ. ಶಾಸನಗಳಿಂದಲೂ ಶಿಲ್ಪಗಳಿಂದಲೂ ಇಂದು ತಿಳಿದಿರುವ ನೆಲೆಗಳು ಎಂಟಕ್ಕಿಂತ ಹೆಚ್ಚು. ಮಾಂಗುಳಂ, ಅಳಗರ್‌ಮಲೈ, ಆನೈಮಲೈ, ಅರಿಟ್ಟಾಪಟ್ಟಿ, ಕೀಳವಳವು, ಕರುಂಗಾಲಕ್ಕುಡಿ, ತಿರುವಾದವೂರು, ವರಿಚ್ಚಿಯೂರು, ಕೊಂಗರ್ ಪುಳಿಯಂಕುಳಂ, ವಿಕ್ಕಿರಮಂಗಲಂ, ತಿರುಪ್ಪರಂಕುನ್ರಂ, ಶಮಣರ್‌ಮಲೈ ಮುಂತಾದ ಹೆಸರುಗಳನ್ನು ಹೇಳಬಹುದು. ಇವೆಲ್ಲವೂ ಮಧುರೆಯಿಂದ ಒಂದು ಹಗಲಿನ ಪ್ರಯಾಣದೊಳಗೆ ಇರುವಂಥವು. ಎಲ್ಲವನ್ನೂ ನೋಡಲು ಮೂರು ನಾಲ್ಕು ದಿನಗಳಾದರೂ ಬೇಕು. ಕೆಲವನ್ನು ನೋಡಲು ಒಂದು ದಿನ ಸಾಕು.

ಈ ನೆಲೆಗಳಲ್ಲಿ ಅತ್ಯಂತ ಪ್ರಾಚೀನವಾದುವು ಕಟ್ಟಡಗಳಲ್ಲ, ಪ್ರತಿಮೆಗಳೂ ಅಲ್ಲ, ಕೇವಲ ಹಾಸುಗಲ್ಲುಗಳು. ಸ್ವಾಭಾವಿಕವಾದ ಗವಿಯ ನೆಲವನ್ನು ನುಣ್ಣಗೆ ಕೊರೆದು, ತಲೆಯ ಕಡೆ ದಿಂಬಿನಂತೆ ಸ್ವಲ್ಪ ಎತ್ತರಿಸಿ, ಒಬ್ಬ ಮುನಿಯು ಒಂದು ಮಗ್ಗುಲಲ್ಲಿ ಮಲಗುವಷ್ಟೇ ಅಗಲದ ಶಯ್ಯೆಗಳನ್ನು ಸಾಲಾಗಿ ಮಾಡಿದ್ದಾರೆ. ಮಳೆಯ ನೀರು ಒಳಗೆ ಹರಿಯದಂತೆ ಗವಿಯ ಹಣೆಯ ಮೇಲೆ ಉದ್ದಕ್ಕೂ ಒಂದು ಏಣನ್ನು ಕಡಿದು ನೀರನ್ನು ಹೊರಗೇ ತೊಟ್ಟಿಕ್ಕಿಸುವ ವ್ಯವಸ್ಥೆಯಿದೆ. ಆ ಏಣಿನ ಅಂಚಿನಲ್ಲಿಯೋ ಶಯ್ಯೆಯ ತಲೆಯ ಬಳಿಯಲ್ಲಿಯೋ ಬ್ರಾಹ್ಮೀ ಲಿಪಿಯ ಒಂದೆರಡು ಸಾಲುಗಳಿರುತ್ತವೆ. ಊರಿನ ಜನರು ಇವನ್ನು ‘ಪಂಚಪಾಂಡವರ ಹಾಸಿಗೆ’ ಎನ್ನುತ್ತಾರೆ. ಪಾಂಡವರಿಗೆ ವನವಾಸದಲ್ಲಿ ನಿದ್ರೆಗೆ ಕೊರತೆಯಾಗಲಿಲ್ಲವೆಂದು ತೋರುತ್ತದೆ. ದಕ್ಷಿಣ ದೇಶದಲ್ಲಿ ಅವರ ಹೆಸರಿನ ಹಾಸಿಗೆಗಳು ಅಷ್ಟೊಂದಿವೆ!

ಮಧುರೆಯ ಉತ್ತರಕ್ಕಿರುವ ಮಾಂಗುಳಂ ಬೆಟ್ಟದ ಬರಹಗಳನ್ನು ರಾಬರ್ಟ್ ಸೀವೆಲ್ 1882ರಲ್ಲಿಯೇ ಗುರುತಿಸಿದ್ದನು. ಲಿಪಿ ಬ್ರಾಹ್ಮಿಯಾದರೂ ಭಾಷೆ ತಮಿಳೆಂಬುದನ್ನು 1924ರಲ್ಲಿ ಕೆ. ವಿ. ಸುಬ್ರಹ್ಮಣ್ಯ ಅಯ್ಯರ್ ಅವರು ತೋರಿಸಿಕೊಟ್ಟರು. ಐರಾವತಂ ಮಹಾದೇವನ್ ಅವರು 1960ರ ದಶಕದಲ್ಲಿ ಅವುಗಳಲ್ಲಿ ಪಾಂಡ್ಯ ರಾಜ ನೆಡುಂಚೆಳಿಯನ ಹೆಸರನ್ನು ಓದಿದ ಮೇಲೆ ಅವುಗಳ ಮಹತ್ತ್ವವು ವಿದ್ವಲ್ಲೋಕಕ್ಕೆ ವೇದ್ಯವಾಯಿತು. ಅವರ ನಿರ್ಣಯದಂತೆ ಇವು ಕ್ರಿ. ಪೂ. 2ನೆಯ ಶತಮಾನದವು. ನಂದ ಎಂಬ ಹೆಸರಿನಿಂದ ಆರಂಭವಾಗುವ ಒಬ್ಬ ‘ಗಣಿ’ಗೆ, ಅಂದರೆ ಗಣದ ಹಿರಿಯ ಮುನಿಗೆ, ರಾಜನ ಅಧಿಕಾರಿಯಾದ ಕಡಲನ್ ವಳುದಿ ಎಂಬವನು ಈ ನೆಲೆಯನ್ನು ಮಾಡಿಸಿಕೊಟ್ಟನು, ವೆಳ್ಳರೈ ಎಂಬ ಊರಿನ ವರ್ತಕರ ನಿಗಮದವರೂ ಅದರಲ್ಲಿ ಕೈಗೂಡಿಸಿದರು. ರಾಜನ ಹೆಸರು ಕಾಣಿಸುವ ತಮಿಳಿನ ಅತ್ಯಂತ ಹಳೆಯ ಬರಹಗಳಲ್ಲಿ ಇದು ಒಂದು. ಅದು ಯುದ್ಧವನ್ನು ಕುರಿತದ್ದಲ್ಲ, ದಿಗ್ವಿಜಯವನ್ನು ಕುರಿತದ್ದಲ್ಲ. ನಿಷ್ಪರಿಗ್ರಹಿಯಾದ ಒಬ್ಬ ಮುನಿಯ ಮಲಗುವ ಕಲ್ಲನ್ನು ಕುರಿತದ್ದು.

ಅಳಗರ್‌ಮಲೈಯ ಗವಿಯ ಬರಹಗಳು ಇದಕ್ಕೆ ಸ್ವಲ್ಪ ಈಚಿನವು. ಇಲ್ಲಿ ರಾಜರಿಲ್ಲ. ದಾನಿಗಳೆಲ್ಲರೂ ಮಧುರೆಯ ಪೇಟೆಯ ಜನ: ಚಿನ್ನದ ವ್ಯಾಪಾರಿ, ಉಪ್ಪಿನ ವ್ಯಾಪಾರಿ, ಕಾಕಂಬಿಯ ವ್ಯಾಪಾರಿ, ನೇಗಿಲ ಕುಳದ ವ್ಯಾಪಾರಿ, ಬಟ್ಟೆಯ ವ್ಯಾಪಾರಿ. ಬಟ್ಟೆಗೆ ಅಲ್ಲಿ ಬಳಸಿರುವ ಪದ ‘ಅರುವೈ’. ಅದು ಕನ್ನಡದ ಅರಿವೆಯೇ. ಕುಳಕ್ಕೆ ಅಲ್ಲಿಯ ಪದ ‘ಕೊಳು’. ಉಪ್ಪು ಮಾರುವವನೂ ಚಿನ್ನ ಮಾರುವವನೂ ಒಂದೇ ಗವಿಯ ಒಂದೇ ಅಂಚಿನಲ್ಲಿ ಪಕ್ಕಪಕ್ಕದಲ್ಲಿ ಹೆಸರು ಕೊರೆಯಿಸಿಕೊಂಡಿರುವುದು ಆ ಕಾಲದ ಶ್ರಾವಕ ಸಮುದಾಯದ ಸ್ವರೂಪವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕೀಳವಳವಿನ ಗವಿಯ ದಾನಿಯು ಕಡಲ ತೀರದ ತೊಂಡಿಯವನು. ತನ್ನನ್ನು ಉಪಾಸಕನೆಂದು ಕರೆದುಕೊಂಡಿದ್ದಾನೆ.

ಈ ಪ್ರಾಚೀನ ಮುನಿಗಳು ಎಲ್ಲಿಂದ ಬಂದರು? ಕನ್ನಡಿಗರಿಗೆ ಈ ಪ್ರಶ್ನೆಯ ಉತ್ತರವು ಅಪರಿಚಿತವಲ್ಲ. ಶ್ರುತಕೇವಲಿ ಭದ್ರಬಾಹು ಸ್ವಾಮಿಗಳು ಕಟವಪ್ರದಲ್ಲಿ ಸಮಾಧಿಸ್ಥರಾಗುವ ಮುನ್ನ ಸಂಘವನ್ನು ವಿಶಾಖಾಚಾರ್ಯರ ನೇತೃತ್ವದಲ್ಲಿ ದಕ್ಷಿಣಕ್ಕೆ ಕಳುಹಿಸಿದರೆಂಬುದು ನಮ್ಮ ಪರಂಪರೆ. ಅವರು ಹೋದದ್ದು ಚೋಳ ಪಾಂಡ್ಯ ದೇಶಗಳಿಗೆ ಎಂದು ದೇವಚಂದ್ರನ ‘ರಾಜಾವಳೀಕಥೆ’ ಸ್ಪಷ್ಟವಾಗಿ ಹೇಳುತ್ತದೆ. ಅದು 19ನೆಯ ಶತಮಾನದ ಗ್ರಂಥವಾದುದರಿಂದ ಅದೊಂದನ್ನೇ ಆಧಾರವಾಗಿ ಹಿಡಿಯುವಂತಿಲ್ಲ. ಆದರೆ ಕಲ್ಲಿನ ಸಾಕ್ಷಿಯೂ ಒಂದಿದೆ. ಮಧುರೆಯ ಸೀಮೆಯನ್ನು ದಾಟಿ ಈಶಾನ್ಯಕ್ಕೆ ಹೋದರೆ ಪುದುಕ್ಕೋಟೆಯ ಬಳಿ ಸಿತ್ತನ್ನವಾಸಲ್ ಬೆಟ್ಟವಿದೆ. ಅಲ್ಲಿಯ ಗವಿಯ ಬ್ರಾಹ್ಮೀ ಶಾಸನವು ‘ಎರುಮಿ ನಾಡಿ’ನಲ್ಲಿ ಹುಟ್ಟಿದ ಒಬ್ಬರಿಗಾಗಿ ಮಾಡಿಸಿದ ಕಲ್ಲಿನ ಅಧಿಷ್ಠಾನವನ್ನು ಹೇಳುತ್ತದೆ. ಎರುಮಿ ಎಂದರೆ ಎಮ್ಮೆ. ಎರುಮಿ ನಾಡು ಎಂದರೆ ಮಹಿಷ ಮಂಡಲ, ಮೈಸೂರು ಸೀಮೆ ಎಂದು ಮಹಾದೇವನ್ ಅವರು ಗುರುತಿಸಿದ್ದಾರೆ. ಆ ಶಾಸನದ ಕೆಲವು ಪದರೂಪಗಳು ತಮಿಳಿನವಲ್ಲ, ಹಳೆಯ ಕನ್ನಡದವು ಎಂಬುದು ಅವರ ಅಭಿಪ್ರಾಯ. ಹಾಗಾದರೆ, ಕನ್ನಡ ಭಾಷೆಯ ಶಾಸನವೊಂದು ಕನ್ನಡ ನಾಡಿನಲ್ಲಿ ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಕನ್ನಡದ ನಾಲ್ಕು ಮಾತುಗಳು ಜೈನ ಮುನಿಗಳ ಜೊತೆಯಲ್ಲಿ ಪಾಂಡ್ಯ ಚೋಳ ದೇಶಗಳ ಗಡಿಗೆ ನಡೆದು ಹೋಗಿ ಅಲ್ಲಿಯ ಬಂಡೆಯ ಮೇಲೆ ಕುಳಿತವೆಂದಾಯಿತು.

ಮುಂದಿನ ಶತಮಾನಗಳಲ್ಲಿ ಮಧುರೆಯು ಜೈನ ವಿದ್ಯೆಯ ಕೇಂದ್ರವಾಗಿತ್ತೆಂಬುದಕ್ಕೆ ಸಾಹಿತ್ಯದ ಆಧಾರಗಳಿವೆ. ‘ಶಿಲಪ್ಪದಿಕಾರ’ದಲ್ಲಿ ಕೋವಲನ್ ಕಣ್ಣಗಿಯರನ್ನು ಮಧುರೆಯವರೆಗೆ ಜೊತೆಗೂಡಿ ಕರೆದೊಯ್ಯುವವಳು ಕವುಂದಿ ಎಂಬ ಜೈನ ಸಾಧ್ವಿ, ಅವರ ದುರಂತವನ್ನು ಕೇಳಿ ಆಕೆ ಆಹಾರ ತ್ಯಜಿಸಿ ದೇಹ ಬಿಡುತ್ತಾಳೆ. ದೇವಸೇನನು ವಿಕ್ರಮ ಸಂವತ್ 990ರಲ್ಲಿ ರಚಿಸಿದ ‘ದರ್ಶನಸಾರ’ವು, ಪೂಜ್ಯಪಾದರ ಶಿಷ್ಯರಾದ ವಜ್ರನಂದಿಗಳು ವಿಕ್ರಮ ಶಕ 526ರಲ್ಲಿ, ಎಂದರೆ ಕ್ರಿ. ಶ. 470ರ ಸುಮಾರಿಗೆ, ದಕ್ಷಿಣ ಮಧುರೆಯಲ್ಲಿ ದ್ರಾವಿಡ ಸಂಘವನ್ನು ಸ್ಥಾಪಿಸಿದರೆಂದು ಹೇಳುತ್ತದೆ. ದೇವಸೇನನಿಗೆ ಆ ಸಂಘದ ಆಚಾರಗಳು ಸಮ್ಮತವಿರಲಿಲ್ಲ. ಅವನು ಅದನ್ನು ಹೊಗಳಲು ಬರೆದವನಲ್ಲ. ಅದರಿಂದಲೇ ಅವನ ಮಾತಿಗೆ ಬೆಲೆ ಹೆಚ್ಚು. ಕನ್ನಡ ನಾಡಿನ ಪೂಜ್ಯಪಾದರ ಶಿಷ್ಯರು ಮಧುರೆಯಲ್ಲಿ ಕಟ್ಟಿದ ಈ ಸಂಘವು ಮತ್ತೆ ಕನ್ನಡ ನಾಡಿಗೇ ಬಂದು ಹೊಯ್ಸಳರ ಕಾಲದಲ್ಲಿ ಇಲ್ಲಿ ಅಗ್ರಗಣ್ಯವಾಯಿತು. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯನ್ನು ಓದಿದವರಿಗೆ ವಜ್ರನಂದಿ, ವಾದಿರಾಜ, ಅಜಿತಸೇನ ಮುಂತಾದ ಆಚಾರ್ಯರ ಹೆಸರುಗಳು ಪರಿಚಿತವಾಗಿರುತ್ತವೆ.

ಇನ್ನು ಶೂಲದ ಕಥೆ. 7ನೆಯ ಶತಮಾನದಲ್ಲಿ ಕೂನ್ ಪಾಂಡ್ಯನೆಂಬ, ನೆಡುಮಾರನೆಂದೂ ಹೆಸರಾದ, ರಾಜನು ಜೈನನಾಗಿದ್ದನು. ಅವನ ರಾಣಿಯೂ ಮಂತ್ರಿಯೂ ಶೈವ ಸಂತ ಜ್ಞಾನಸಂಬಂಧರನ್ನು ಕರೆಸಿದರು. ರಾಜನ ಜ್ವರವನ್ನು ಸಂಬಂಧರು ಗುಣಪಡಿಸಿದರು. ಬೆಂಕಿಯಲ್ಲಿ ಇಟ್ಟ ಅವರ ಓಲೆಯು ಸುಡಲಿಲ್ಲ. ವೈಗೈ ನದಿಯಲ್ಲಿ ಬಿಟ್ಟ ಓಲೆಯು ಪ್ರವಾಹಕ್ಕೆ ಎದುರಾಗಿ ತಿರುವೇಡಗಂವರೆಗೆ ತೇಲಿತು. ಸೋತ ಎಂಟು ಸಾವಿರ ಜೈನರು ಶೂಲಕ್ಕೇರಿದರು. ಇದು 12ನೆಯ ಶತಮಾನದ ‘ಪೆರಿಯ ಪುರಾಣ’ದಲ್ಲಿ ವಿಸ್ತಾರವಾಗಿ ಬಂದಿರುವ ಕಥೆ. ಮಧುರೆಯ ದೇವಾಲಯದ ಪೊಟ್ರಾಮರೈ ಕೊಳದ ಮಂಟಪದ ಗೋಡೆಗಳ ಮೇಲೆಯೂ ಇದನ್ನು ಚಿತ್ರಿಸಿದ್ದರು. ಸಂಬಂಧರ ಪದಗಳು ಜೈನರನ್ನು ಬಹು ಕಟುವಾಗಿ ನಿಂದಿಸುತ್ತವೆ ನಿಜ. ಆದರೆ ಇಂಥ ಹತ್ಯೆಯ ಪ್ರಸ್ತಾಪವು ಆ ಪದಗಳಲ್ಲಿ ಇಲ್ಲ. ಜೈನರ ಪ್ರಾಚೀನ ಗ್ರಂಥಗಳಲ್ಲಿಯೂ ಇಲ್ಲ. ಕೆ. ಎ. ನೀಲಕಂಠ ಶಾಸ್ತ್ರಿಗಳಂಥ ಇತಿಹಾಸಕಾರರು ಇದನ್ನು ಇತಿಹಾಸವೆಂದು ಒಪ್ಪಲಿಲ್ಲ.

ಇಲ್ಲಿ ಇನ್ನೊಂದು ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ತಮಿಳಿನ ಪ್ರಸಿದ್ಧ ನೀತಿಗ್ರಂಥ ‘ನಾಲಡಿಯಾರ್’ ಹುಟ್ಟಿದ ಬಗೆಗೆ ಒಂದು ಐತಿಹ್ಯವಿದೆ. ಬರಗಾಲದಲ್ಲಿ ಪಾಂಡ್ಯನ ಆಶ್ರಯಕ್ಕೆ ಬಂದಿದ್ದ ಎಂಟು ಸಾವಿರ ಜೈನ ಮುನಿಗಳು ಸುಭಿಕ್ಷವಾದ ಮೇಲೆ, ರಾಜನು ಬೀಳ್ಕೊಡಲು ಒಪ್ಪದಿದ್ದಾಗ, ತಲಾ ಒಂದೊಂದು ಪದ್ಯವನ್ನು ಓಲೆಯ ಮೇಲೆ ಬರೆದಿಟ್ಟು ರಾತ್ರಿ ಹೊರಟುಹೋದರಂತೆ. ಕುಪಿತನಾದ ರಾಜನು ಓಲೆಗಳನ್ನು ವೈಗೈ ನದಿಗೆ ಎಸೆಯಿಸಲು ಅವುಗಳಲ್ಲಿ ನಾನೂರು ಪ್ರವಾಹಕ್ಕೆ ಎದುರಾಗಿ ತೇಲಿ ಬಂದುವಂತೆ. ಅದೇ ಎಂಟು ಸಾವಿರ, ಅದೇ ನದಿ, ಅದೇ ಎದುರು ತೇಲುವ ಓಲೆ! ಒಂದು ಕಥೆಯಲ್ಲಿ ಎಂಟು ಸಾವಿರ ಮಂದಿ ಸಾಯುತ್ತಾರೆ. ಇನ್ನೊಂದರಲ್ಲಿ ಒಂದು ಗ್ರಂಥವನ್ನು ಕೊಟ್ಟು ಹೊರಟುಹೋಗುತ್ತಾರೆ. ಎಂಟು ಬೆಟ್ಟಗಳಿಗೆ ಸಾವಿರದಂತೆ ಎಂಟು ಸಾವಿರವೆಂಬುದು ಎಣಿಕೆಯ ಸಂಖ್ಯೆಯಲ್ಲ, ಮಧುರೆಯ ಶ್ರಮಣ ಸಮುದಾಯಕ್ಕೆ ಜನರು ಕೊಟ್ಟ ಹೆಸರೆಂದೇ ತೋರುತ್ತದೆ. ಒಂದೇ ಹಳೆಯ ನೆನಪನ್ನು ಎರಡು ಮತಗಳವರು ತಮತಮಗೆ ಬೇಕಾದಂತೆ ಹೇಳಿಕೊಂಡಿದ್ದಾರೆ. ಶೈವರು ಗೆಲವಿನ ಕಥೆಯೆಂದು ಇದನ್ನು ಬೆಳೆಸಿದ್ದು ಅರ್ಥವಾಗುವ ಮಾತು. ಜೈನರೂ ಅದನ್ನೇ ತಮ್ಮ ಇತಿಹಾಸವೆಂದು ಹೇಳಿಕೊಂಡು ಬಂದುದು ವಿಷಾದಕರ.

ಏಕೆಂದರೆ 7ನೆಯ ಶತಮಾನದಲ್ಲಿ ನಿರ್ಮೂಲವಾಯಿತೆನ್ನಲಾದ ಧರ್ಮವು 9ನೆಯ ಶತಮಾನದ ಮಧುರೆಯಲ್ಲಿ ಸುಪುಷ್ಟವಾಗಿ ಕಾಣಿಸುತ್ತದೆ. ಮೇಲೆ ಹೇಳಿದ ಸಿತ್ತನ್ನವಾಸಲ್ ಬೆಟ್ಟದಲ್ಲಿಯೇ ಅಪೂರ್ವ ವರ್ಣಚಿತ್ರಗಳಿಂದ ಪ್ರಸಿದ್ಧವಾದ ‘ಅರಿವರ್ ಕೋಯಿಲ್’ ಎಂಬ ಗುಹಾಲಯವಿದೆ. ತಾವರೆಯ ಕೊಳ, ಅದರಲ್ಲಿ ಹೂ ಕೊಯ್ಯುವ ಭವ್ಯರು, ಮೀನು, ಹಂಸ, ಆನೆಗಳು ಅಲ್ಲಿಯ ಛಾವಣಿಯ ಮೇಲಿವೆ. ಪಾಂಡ್ಯ ರಾಜ ಶ್ರೀಮಾರ ಶ್ರೀವಲ್ಲಭನ ಕಾಲದಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿ ಮುಖಮಂಟಪವನ್ನು ಕಟ್ಟಿಸಿದವರು ಇಳಂ ಗೌತಮರು. ಶಾಸನವು ಅವರನ್ನು ‘ಮಧುರೆಯ ಆಚಾರ್ಯ’ರೆಂದೇ ಕರೆಯುತ್ತದೆ.

ಇದೇ ಕಾಲದ ಸುಮಾರಿಗೆ ಮಧುರೆಯ ಬೆಟ್ಟಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಅದು ಅಜ್ಜಣಂದಿ, ಸಂಸ್ಕೃತದಲ್ಲಿ ಆರ್ಯನಂದಿ. ಹಳೆಯ ಬ್ರಾಹ್ಮೀ ಗವಿಗಳು ಬರಿಯ ಹಾಸುಗಲ್ಲುಗಳಾಗಿ ಉಳಿದಿದ್ದುವಷ್ಟೆ. ಅಜ್ಜಣಂದಿಗಳು ಒಂದೊಂದೇ ಗವಿಗೆ ಹೋಗಿ ಅದರ ಹಣೆಯ ಬಂಡೆಯ ಮೇಲೆ ಜಿನಬಿಂಬವನ್ನು ಕೆತ್ತಿಸಿದರು. ಕೆಳಗೆ ವಟ್ಟೆಳುತ್ತು ಲಿಪಿಯಲ್ಲಿ ಒಂದೇ ಸಾಲಿನಲ್ಲಿ ಇದು ಅಜ್ಜಣಂದಿಯು ಮಾಡಿಸಿದ್ದೆಂದು ಬರೆಯಿಸಿದರು. ಅಳಗರ್‌ಮಲೈಯಲ್ಲಿ, ಕರುಂಗಾಲಕ್ಕುಡಿಯಲ್ಲಿ, ಕೊಂಗರ್ ಪುಳಿಯಂಕುಳಂನಲ್ಲಿ, ಆನೈಮಲೈಯಲ್ಲಿ, ಅರಿಟ್ಟಾಪಟ್ಟಿಯಲ್ಲಿ ಈ ಹೆಸರಿದೆ. ಸಾವಿರ ವರ್ಷಗಳ ಹಿಂದಿನ ಮುನಿಗಳ ನೆಲೆಗಳನ್ನು ಹುಡುಕಿ ಹುಡುಕಿ ಮತ್ತೆ ಪವಿತ್ರಗೊಳಿಸಿದ ಈ ಕಾರ್ಯವು ಇಂದಿನ ಭಾಷೆಯಲ್ಲಿ ಜೀರ್ಣೋದ್ಧಾರವೇ ಸರಿ. ಆದರೆ ಅವರು ಕಟ್ಟಡವನ್ನು ಕಟ್ಟಿಸಲಿಲ್ಲ. ಛತ್ರ ಚಾಮರಗಳೂ ಅದೇ ಬಂಡೆಯಲ್ಲಿ ಮೂಡಿದುವು. ಉತ್ತರ ಆರ್ಕಾಟಿನ ವಳ್ಳಿಮಲೈಯಲ್ಲಿ, ಗಂಗರ ರಾಚಮಲ್ಲನು ಮಾಡಿಸಿದ ನೆಲೆಯಲ್ಲಿ, ಬಾಲಚಂದ್ರ ಭಟಾರರ ಶಿಷ್ಯರಾದ ಅಜ್ಜಣಂದಿ ಭಟಾರರು ಮಾಡಿಸಿದ ಪ್ರತಿಮೆಯೊಂದಿದೆ. ಅಲ್ಲಿಯ ಶಾಸನದ ಭಾಷೆ ಕನ್ನಡ. ಇಬ್ಬರೂ ಒಬ್ಬರೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ.

ಆನೈಮಲೈಯು ಮಧುರೆಯಿಂದ ಮೇಲೂರಿಗೆ ಹೋಗುವ ದಾರಿಯಲ್ಲಿ ಊರಿಗೆ ತೀರ ಸಮೀಪದಲ್ಲಿದೆ. ಬ್ರಾಹ್ಮೀ ಶಾಸನದಲ್ಲಿಯೇ ಇದರ ಹೆಸರು ‘ಇವ ಕುನ್ರಂ’, ಅಂದರೆ ಇಭಗಿರಿ. ಎರಡು ಸಾವಿರ ವರ್ಷಗಳಿಂದ ಜನರ ಕಣ್ಣಿಗೆ ಅದು ಆನೆಯಾಗಿಯೇ ಕಂಡಿದೆ. ಗವಿಯ ಮೇಲಿನ ಬಂಡೆಯಲ್ಲಿ ಮಹಾವೀರ, ಪಾರ್ಶ್ವನಾಥ, ಬಾಹುಬಲಿ, ಅಂಬಿಕಾ ಯಕ್ಷಿಯರ ಮೂರ್ತಿಗಳಿವೆ. ಅವುಗಳ ಮೇಲೆ ಗಾರೆ ಬಳಿದು ಬಣ್ಣ ಹಾಕಿದ್ದ ಗುರುತುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಇದೇ ಬೆಟ್ಟದ ಬುಡದಲ್ಲಿ ಪಾಂಡ್ಯರ ಮಂತ್ರಿ ಮಾರಂಕಾರಿಯು ಕ್ರಿ. ಶ. 770ರಲ್ಲಿ ಮಾಡಿಸಿದ ನರಸಿಂಹನ ಗುಹಾಲಯವೂ ಇದೆ. ಜಿನಬಿಂಬಗಳ ಕೆಳಗಿನ ಶಾಸನಗಳನ್ನು ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಬಿಂಬವನ್ನು ಯಾರು ಮಾಡಿಸಿದರೆಂಬುದರ ಜೊತೆಗೆ ಅದು ಯಾರ ‘ರಕ್ಷೆ’ಯಲ್ಲಿದೆಯೆಂಬುದನ್ನೂ ಹೇಳಿದ್ದಾರೆ. ಅವುಗಳಲ್ಲೊಂದರ ರಕ್ಷೆಯು ನರಸಿಂಗಮಂಗಲದ ಸಭೆಯವರದು. ನರಸಿಂಗಮಂಗಲವು ಆ ಗುಡಿಯ ಹೆಸರಿನ ಊರು. ‘ಸಭೆ’ಯೆಂದರೆ ಬ್ರಾಹ್ಮಣರ ಗ್ರಾಮಸಭೆ. ನರಸಿಂಹನನ್ನು ಪೂಜಿಸುವವರು ಅದೇ ಬೆಟ್ಟದ ಜಿನಬಿಂಬಕ್ಕೆ ತಾವು ರಕ್ಷಕರೆಂದು ಬರೆದುಕೊಟ್ಟಿದ್ದಾರೆ.

ಅರಿಟ್ಟಾಪಟ್ಟಿಯ ಕಳಿಂಜಮಲೈಯಲ್ಲಿಯೂ ಇದೇ ಕ್ರಮ. ಪೊರ್ಕೋಡಿನ ಕರಣಿಕರ ಹೆಸರಿನಲ್ಲಿ ಅಜ್ಜಣಂದಿಗಳು ಮಾಡಿಸಿದ ತೀರ್ಥಂಕರ ಮೂರ್ತಿಯು ಪಾದಿರಿಕ್ಕುಡಿಯ ಜನರ ರಕ್ಷೆಗೆ ಒಪ್ಪಿಸಲ್ಪಟ್ಟಿತು. ಈ ‘ರಕ್ಷೆ’ಯೆಂಬ ಮಾತು ಇಂದಿಗೂ ಹಳತಾಗಿಲ್ಲ. ಮಧುರೆಯ ಸುತ್ತಿನ ಬೆಟ್ಟಗಳೆಲ್ಲ ಗಟ್ಟಿ ಕಣಶಿಲೆಯವು. ಕೀಳವಳವಿನ ಆಸುಪಾಸಿನಲ್ಲಿ ಗ್ರಾನೈಟಿಗಾಗಿ ಗುಡ್ಡಗಳನ್ನೇ ಕತ್ತರಿಸಿ ಸಾಗಿಸಲಾಯಿತು. ಶ್ರಮಣರ ಹಾಸುಗಲ್ಲುಗಳಿರುವ ಬೆಟ್ಟದ ಸುತ್ತ ಈಗ ನೀರು ತುಂಬಿದ ಹೊಂಡಗಳು. ಈ ಅಕ್ರಮವು 2012ರಲ್ಲಿ ಬಯಲಿಗೆ ಬಂದು ಗಣಿಗಳು ನಿಂತುವು. ಅರಿಟ್ಟಾಪಟ್ಟಿ ಮತ್ತು ಮೀನಾಕ್ಷಿಪುರಂ ಗ್ರಾಮಗಳ ಸುಮಾರು 193 ಹೆಕ್ಟೇರು ಪ್ರದೇಶವನ್ನು 2022ರ ನವೆಂಬರಿನಲ್ಲಿ ತಮಿಳುನಾಡು ಸರ್ಕಾರವು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಆ ರಾಜ್ಯದಲ್ಲಿ ಅದೇ ಮೊದಲನೆಯದು. ಹೀಗಿದ್ದೂ 2024ರ ನವೆಂಬರಿನಲ್ಲಿ ಟಂಗ್‌ಸ್ಟನ್ ಗಣಿಗಾಗಿ ಹರಾಜಾದ ಪ್ರದೇಶದಲ್ಲಿ ಈ ಸೀಮೆಯೂ ಸೇರಿದೆಯೆಂಬುದು ತಿಳಿದುಬಂತು. ಸುತ್ತಣ ಹಳ್ಳಿಗಳ ಜನರು ಗ್ರಾಮಸಭೆಗಳಲ್ಲಿ ನಿರ್ಣಯ ಮಾಡಿದರು, ಮಧುರೆಯವರೆಗೆ ಮೆರವಣಿಗೆ ಹೋದರು; ವಿಧಾನಸಭೆಯೂ ನಿರ್ಣಯವನ್ನು ಅಂಗೀಕರಿಸಿತು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಆ ಹರಾಜನ್ನು ರದ್ದುಗೊಳಿಸಿತು. ಆ ಹಳ್ಳಿಗರು ಜೈನರಲ್ಲ. ತಮ್ಮ ಕೆರೆ, ಹೊಲ, ಗುಡಿಗಳಿಗಾಗಿ ಅವರು ಹೋರಾಡಿದರು. ಅದರೊಡನೆ ಅಜ್ಜಣಂದಿಗಳ ತೀರ್ಥಂಕರನೂ ಉಳಿದನು.

ಇನ್ನು ಶಮಣರ್‌ಮಲೈ. ಸಮಯವಿಲ್ಲದ ಯಾತ್ರಿಕರು ಮಿಕ್ಕವನ್ನು ಬಿಟ್ಟರೂ ಇದೊಂದನ್ನು ಬಿಡಬಾರದು. ಮಧುರೆಯ ಪಶ್ಚಿಮಕ್ಕೆ ಸುಮಾರು 12 ಕಿಲೋಮೀಟರು ದೂರದ ಕೀಳಕುಯಿಲ್‌ಕುಡಿ ಎಂಬ ಹಳ್ಳಿಯ ಬಳಿ ಇರುವ ಈ ಬೆಟ್ಟವು ಹೆಸರಿನಿಂದಲೇ ಶ್ರಮಣಗಿರಿ. ಬುಡದಲ್ಲಿ ದೊಡ್ಡ ಆಲದ ಮರಗಳು, ಒಂದು ತಾವರೆಯ ಕೊಳ, ಗ್ರಾಮದೇವತೆಯಾದ ಅಯ್ಯನಾರ್ ಗುಡಿ. ಹತ್ತಲು ಬಂಡೆಯಲ್ಲಿಯೇ ಮೆಟ್ಟಿಲುಗಳನ್ನು ಕಡಿದು, ಹಿಡಿದುಕೊಳ್ಳಲು ಕಂಬಿ ಹಾಕಿದ್ದಾರೆ. ಬಿಸಿಲೇರಿದ ಮೇಲೆ ಬಂಡೆ ಕಾಯುವುದರಿಂದ ಬೆಳಗ್ಗೆಯೇ ಹೊರಡುವುದು ಕ್ಷೇಮ.

ಬೆಟ್ಟದ ನೈಋತ್ಯ ಮಗ್ಗುಲಲ್ಲಿ ‘ಚೆಟ್ಟಿಪ್ಪೊಡವು’ ಎಂಬ ಗವಿಯಿದೆ. ಗವಿಯ ಬಾಯಿಯ ಎಡಕ್ಕೆ ಮುಕ್ಕೊಡೆಯ ಕೆಳಗೆ ಪದ್ಮಾಸನಸ್ಥನಾದ ತೀರ್ಥಂಕರನ ಭವ್ಯಮೂರ್ತಿ. ಒಳಗೆ ಕಮಾನಿನಂತೆ ಬಾಗಿದ ಛಾವಣಿಯಲ್ಲಿ ಐದು ಉಬ್ಬುಶಿಲ್ಪಗಳು. ನಡುವೆ ಮೂವರು ತೀರ್ಥಂಕರರು, ಒಂದು ಕೊನೆಯಲ್ಲಿ ಸಿಂಹವಾಹಿನಿಯಾಗಿ ಬಿಲ್ಲು ಹಿಡಿದು ಆನೆಯನ್ನೆದುರಿಸುವ ಯಕ್ಷಿ. ಶಾಂತರಸದ ಸಾಲಿನಲ್ಲಿ ಈ ವೀರರಸದ ಯಕ್ಷಿಯು ನೋಡುವವರನ್ನು ಕ್ಷಣಕಾಲ ಚಕಿತಗೊಳಿಸುತ್ತಾಳೆ. ಹೊರಗಿನ ದೊಡ್ಡ ಬಿಂಬದ ಶಾಸನವು ಗುರುಪರಂಪರೆಯನ್ನು ಹೇಳುತ್ತದೆ: ಕುರಂಡಿಯ ಅಷ್ಟೋಪವಾಸಿ ಭಟಾರರು, ಅವರ ಶಿಷ್ಯರು ಗುಣಸೇನ ದೇವರು, ಅವರ ಶಿಷ್ಯರು ಕನಕವೀರ ಪೆರಿಯಡಿಗಳು. ಕುಯಿಲ್‌ಕುಡಿಯ ಜನರ ಹೆಸರಿನಲ್ಲಿ ಕನಕವೀರರು ಈ ಬಿಂಬವನ್ನು ಮಾಡಿಸಿದರು. ಊರಿನ ಹೆಸರು ಇಂದಿಗೂ ಅದೇ. ಕುರಂಡಿಯ ತಿರುಕ್ಕಾಟ್ಟಾಂಪಳ್ಳಿಯು ಪಾಂಡ್ಯ ದೇಶದ ಒಂದು ದೊಡ್ಡ ಜೈನ ವಿದ್ಯಾಪೀಠವಾಗಿತ್ತು. ಅದರ ಮುನಿಗಳ ಹೆಸರುಗಳು ದೂರದ ಕಳುಗುಮಲೈಯಲ್ಲಿಯೂ ಕಾಣುತ್ತವೆ. ಎಂಟು ಉಪವಾಸಗಳ ವ್ರತವೇ ಹೆಸರಾಗಿ ನಿಂತ ಆ ಗುರುಗಳ ಬಗೆಗೆ ಕಲ್ಲು ಉಳಿಸಿರುವುದು ಆ ಒಂದು ಹೆಸರನ್ನು ಮಾತ್ರ. ಅದರಲ್ಲಿಯೇ ಅವರ ಜೀವನಚರಿತ್ರೆಯೂ ಇದೆ.

ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಅಯ್ಯನಾರ್ ಗುಡಿಯ ಮೇಲಿನ ದಾರಿಯಲ್ಲಿ, ‘ಪೇಚ್ಚಿಪ್ಪಳ್ಳಂ’ ಎಂಬ ಸ್ಥಳ. ಸದಾ ನೀರಿರುವ ಒಂದು ಸಣ್ಣ ಚಿಲುಮೆಯ ಬಳಿ ಬಂಡೆಯ ಗೋಡೆಯ ಮೇಲೆ ಎಂಟು ಮೂರ್ತಿಗಳು ಒಂದೇ ಸಾಲಿನಲ್ಲಿವೆ. ಪಾರ್ಶ್ವನಾಥನಿದ್ದಾನೆ. ಸೋದರಿಯರಾದ ಬ್ರಾಹ್ಮೀ ಸುಂದರಿಯರ ನಡುವೆ ಬಳ್ಳಿ ಸುತ್ತಿದ ಬಾಹುಬಲಿಯಿದ್ದಾನೆ. ಕನ್ನಡಿಗನಿಗೆ ಈ ಮೂರ್ತಿಯು ಆಕಾರದಲ್ಲಿ ಬಹಳ ಚಿಕ್ಕದಾಗಿ ಕಂಡೀತು. ಹೆಚ್ಚಿನ ಶಾಸನಗಳಲ್ಲಿ ಬರುವವರು ಗುಣಸೇನ ದೇವರ ಶಿಷ್ಯರು. ಆದರೆ ಈ ಸಾಲಿನಲ್ಲಿ ಒಂದು ಬಿಂಬದ ಕೆಳಗೆ ಬೇರೊಂದು ಹೆಸರಿದೆ. ಅದನ್ನು ಮಾಡಿಸಿದವರು ಗುಣಮತಿಯಾರ್. ಅವರು ಅಜ್ಜಣಂದಿಗಳ ತಾಯಿ.

ಬೆಟ್ಟ ಬೆಟ್ಟಗಳಲ್ಲಿ ತನ್ನ ಹೆಸರನ್ನು ಬರೆಯಿಸಿದ ಮಗನು ತಂದೆಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಎಲ್ಲಿಯೂ ಹೇಳಲಿಲ್ಲ. ಮುನಿಗೆ ಅದು ಸಹಜ. ಪೂರ್ವಾಶ್ರಮದ ಸಂಬಂಧವನ್ನು ಮಗನು ಕಳೆದುಕೊಂಡಿದ್ದರೂ ತಾಯಿಯು ಕಳೆದುಕೊಳ್ಳಲಿಲ್ಲ. ಅವರು ಮಗನನ್ನು ಮನೆಗೆ ಕರೆಯಲಿಲ್ಲ. ಮಗನ ಕೆಲಸವನ್ನೇ ತಾವೂ ಒಂದು ಬಿಂಬದಷ್ಟು ಮಾಡಿ, ಅದರ ಕೆಳಗೆ ತಾವು ಅವನ ತಾಯಿಯೆಂದು ಬರೆಯಿಸಿದರು. ಮಧುರೆಯ ಜೈನ ಇತಿಹಾಸವನ್ನು ಹೇಳುವಾಗ ಶೂಲದ ಕಥೆಯ ಸ್ಥಾನದಲ್ಲಿ ಈ ಒಂದು ಸಾಲಿನ ಶಾಸನವನ್ನು ಹೇಳುವುದು ಹೆಚ್ಚು ಉಚಿತ. ಇದಕ್ಕೆ ಕಲ್ಲಿನ ಪ್ರಮಾಣವಿದೆ.

ಕ್ರಮೇಣ ಈ ನೆಲೆಗಳು ಕ್ಷೀಣಿಸಿದುವೆಂಬುದು ಸತ್ಯ. ರಾಜಾಶ್ರಯ ತಪ್ಪಿತು, ವರ್ತಕ ಸಂಘಗಳ ಒಲವು ಬೇರೆಡೆಗೆ ತಿರುಗಿತು, ಕೆಲವು ಗವಿಗಳು ಅನ್ಯ ದೇವತೆಗಳ ಗುಡಿಗಳಾದುವು. ಶಮಣರ್‌ಮಲೈಯ ಮೇಲೆ ‘ಮಾದೇವಿ ಪೆರುಂಪಳ್ಳಿ’ ಎಂದು ಹೆಸರಾಗಿದ್ದ ಬಸದಿಯ ಅಧಿಷ್ಠಾನ ಮಾತ್ರ ಇಂದು ಉಳಿದಿದೆ. ಅದರ ಗೋಡೆಗಳ ಕಲ್ಲುಗಳು ಎಲ್ಲಿಗೆ ಹೋದುವೋ ತಿಳಿಯದು. ಆದರೆ ಪೇಚ್ಚಿಪ್ಪಳ್ಳಂನಿಂದ ಆ ಅಧಿಷ್ಠಾನವನ್ನು ದಾಟಿ ಇನ್ನೂ ಮೇಲೆ ಹತ್ತುವವರಿಗೆ ಬೆಟ್ಟದ ನೆತ್ತಿಯಲ್ಲಿ ಒಂದು ದೀಪಸ್ತಂಭ ಕಾಣುತ್ತದೆ. ಅದರ ಬಳಿಯ ಬಂಡೆಯ ಮೇಲೆ ಕೆಲವು ಸಾಲುಗಳ ಬರಹವಿದೆ. ಕೆಳಗಿನ ಗವಿಗಳ ಬ್ರಾಹ್ಮಿಯಲ್ಲ, ವಟ್ಟೆಳುತ್ತಲ್ಲ. ಅಕ್ಷರವೂ ಭಾಷೆಯೂ ಕನ್ನಡ. ದಾನದ ವಿವರವಿಲ್ಲ, ರಾಜನ ಪ್ರಶಸ್ತಿಯಿಲ್ಲ. ಮೂಲಸಂಘ, ಬೆಳಗುಳ ಎಂಬ ಮಾತುಗಳಿವೆ. ಬಾಲಚಂದ್ರ ದೇವರು, ನೇಮಿ ದೇವರು, ಅಜಿತಸೇನ ದೇವರು, ಗೋವರ್ಧನ ದೇವರು ಎಂಬ ಹೆಸರುಗಳಿವೆ. ಬೆಳಗೊಳದಿಂದ ನಡೆದು ಬಂದ ಮುನಿಗಳು ಇಲ್ಲಿಯವರೆಗೆ ಹತ್ತಿ, ದೀಪ ಉರಿಯುತ್ತಿದ್ದ ಸ್ಥಳದಲ್ಲಿ ತಮ್ಮ ಭಾಷೆಯಲ್ಲಿ ಇಷ್ಟನ್ನು ಬರೆಯಿಸಿ ಹೋಗಿದ್ದಾರೆ.